ಲೈಟ್ ಡ್ಯೂಟಿಗೆ ಹೋದರೆ ಇಎಸ್‌ಐ ದುಡ್ಡು ಏನಾಗುತ್ತದೆ?

ಪ್ರಶ್ನೆ: ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಆರು ವರ್ಷದಿಂದ ಪವರ್ ಪ್ರೆಸ್ ಆಪರೇಟರ್. 2025ರ ಜುಲೈ 8ರಂದು ಸೆಕೆಂಡ್ ಶಿಫ್ಟ್‌ನಲ್ಲಿ ಬಲಗೈ ಡೈ ಒಳಗೆ ಸಿಕ್ಕಿ ತೋರುಬೆರಳಿನ ತುದಿಯ ಗೆಣ್ಣು ಹೋಯಿತು. ಮಧ್ಯದ ಬೆರಳಿನ ಮೂಳೆ ಮುರಿದು ತಂತಿ ಹಾಕಿದ್ದರು, ಈಗ ತೆಗೆದಿದ್ದಾರೆ, ಆದರೆ ಬೆರಳು ಪೂರ್ತಿ ಮಡಚುವುದಿಲ್ಲ. ರಜೆಯಲ್ಲಿದ್ದಷ್ಟು ದಿನ ಇಎಸ್‌ಐನಿಂದ (ಕಾರ್ಮಿಕರ ರಾಜ್ಯ ವಿಮೆ) ದಿನಕ್ಕೆ 585 ರೂಪಾಯಿಯಂತೆ ಬಂತು. ಸೆಪ್ಟೆಂಬರ್ ಕೊನೆಯಲ್ಲಿ ಎಚ್‌ಆರ್‌ನವರು ಫೋನ್ ಮಾಡಿ, ‘ಎಷ್ಟು ದಿನ ಮನೇಲಿರ್ತೀರಾ? ಲೈಟ್ ಡ್ಯೂಟಿ ಕೊಡ್ತೀವಿ, ಫಿಟ್ ಸರ್ಟಿಫಿಕೇಟ್ ತಗೊಂಡು ಬನ್ನಿ’ ಎಂದರು. ಡಿಸ್ಪೆನ್ಸರಿಯಲ್ಲಿ ಹಾಗೇ ಹೇಳಿದೆ, ಡಾಕ್ಟರ್ ಬರೆದುಕೊಟ್ಟರು. ಅಕ್ಟೋಬರ್ 1ರಿಂದ ಗೇಟ್‌ನಲ್ಲಿ ಕೂತು ಇನ್‌ವರ್ಡ್ ರಿಜಿಸ್ಟರ್ ಬರೆಯುತ್ತಿದ್ದೇನೆ, ಅದೂ ಎಡಗೈಯಲ್ಲಿ. ಮೊದಲು ಓಟಿ ಬಿಟ್ಟು 17,000 ಸಂಬಳವಿತ್ತು. ಈಗ 12,000 ಕೊಟ್ಟಿದ್ದಾರೆ. ಕೇಳಿದರೆ, ‘ಉಳಿದಿದ್ದು ಇಎಸ್‌ಐ ಕೊಡುತ್ತೆ, ಅಲ್ಲಿ ಕೇಳಿ’ ಅಂತಾರೆ. ಇಎಸ್‌ಐ ಬ್ರಾಂಚ್ ಆಫೀಸಿನಲ್ಲಿ, ‘ಕೆಲಸಕ್ಕೆ ಹೋದ ಮೇಲೆ ನಮ್ಮದೇನೂ ಇಲ್ಲ’ ಅಂತಾರೆ. ಲೈಟ್ ಡ್ಯೂಟಿ ಬೇಡ ಅಂದರೆ ಕೆಲಸ ಹೋಗುತ್ತದಾ? ಒಪ್ಪಿಕೊಂಡರೆ ಮುಂದೆ ಬೆರಳಿಗೆ ಬರುವ ಪೆನ್ಷನ್ ಕಡಿಮೆಯಾಗುತ್ತದಾ? ಬಿಎಂಟಿಸಿಯಲ್ಲಿರುವ ನಮ್ಮ ಮಾವ, ‘ಲೈಟ್ ಡ್ಯೂಟಿಗೂ ಪೂರ್ತಿ ಸಂಬಳ ಕೊಡಬೇಕು, ಅದು ಕಾನೂನು’ ಅಂತಾರೆ. ಇನ್ನೊಂದು ವಿಷಯ: ನನ್ನ ಭಾಮೈದ ಕಾಮಾಕ್ಷಿಪಾಳ್ಯದ ಒಂದು ಸಣ್ಣ ಫ್ಯಾಬ್ರಿಕೇಷನ್ ಶಾಪಿನಲ್ಲಿದ್ದಾನೆ, ಆರೇ ಜನ, ಇಎಸ್‌ಐ ಇಲ್ಲ. ಅವನಿಗೂ ಕಾಲಿಗೆ ಏಟಾಗಿದೆ, ಅಲ್ಲೂ ಇದೇ ಲೈಟ್ ಡ್ಯೂಟಿ ಮಾತು. ಅವನು ಏನು ಮಾಡಬೇಕು?

ಉತ್ತರ: ಮನೆಯಲ್ಲಿ ಕೂತಿದ್ದಾಗ ತಿಂಗಳಿಗೆ 17,550 ರೂಪಾಯಿ ಬರುತ್ತಿತ್ತು, ಗೇಟಿಗೆ ಬಂದು ಎಂಟು ಗಂಟೆ ದುಡಿದ ಮೇಲೆ 12,000 ಬಂತು. ನಿಮ್ಮ ಅಷ್ಟೂ ಪ್ರಶ್ನೆಗಳ ಬೇರು ಇರುವುದು ಇಲ್ಲಿ. ಎಚ್‌ಆರ್ ಇಎಸ್‌ಐ ಕಡೆ ಕೈ ತೋರಿಸುತ್ತಾರೆ, ಇಎಸ್‌ಐ ಎಚ್‌ಆರ್ ಕಡೆ. ಇಬ್ಬರಲ್ಲಿ ಇಎಸ್‌ಐನವರು ಹೇಳಿದ್ದು ಸರಿ, ನಿಮಗೆ ಕಹಿಯಾದರೂ.

ಇಎಸ್‌ಐ ಕಾಯ್ದೆಯಲ್ಲಿ ಅರ್ಧ ಸಂಬಳ ಅರ್ಧ ಭತ್ಯೆ ಎಂಬುದೇ ಇಲ್ಲ. ಒಂದೊಂದು ದಿನವನ್ನೂ ಅದು ಬಿಡಿಬಿಡಿಯಾಗಿ ನೋಡುತ್ತದೆ. ಆ ದಿನ ನೀವು ಗಾಯದ ಕಾರಣಕ್ಕೆ ಕೆಲಸ ಮಾಡಲಾಗದೆ ಉಳಿದಿರಿ, ಡಾಕ್ಟರ್ ಸರ್ಟಿಫಿಕೇಟ್ ಇದೆ ಎಂದಾದರೆ ಸರಾಸರಿ ದಿನಗೂಲಿಯ ಶೇಕಡ 90. ಇದನ್ನೇ ಟಿಡಿಬಿ ಅನ್ನುವುದು, ಅಂದರೆ ತಾತ್ಕಾಲಿಕ ಅಂಗವೈಕಲ್ಯದ ಭತ್ಯೆ. ಆ ದಿನ ಕೆಲಸ ಮಾಡಿದಿರೋ, ಅದು ಗೇಟಿನ ರಿಜಿಸ್ಟರೇ ಆಗಲಿ ಸ್ಟೋರಿನಲ್ಲಿ ನಟ್ಟು ಎಣಿಸುವುದೇ ಆಗಲಿ, ಭತ್ಯೆ ಸೊನ್ನೆ. 1948ರ ಕಾಯ್ದೆಯ 63ನೇ ಕಲಂ ಹೇಳುವುದು ಇಷ್ಟೇ. ಎಷ್ಟು ಸಂಬಳಕ್ಕೆ ಕೆಲಸ ಮಾಡಿದಿರಿ ಎಂದು ಅದು ಕೇಳುವುದಿಲ್ಲ. ಹಾಗಾಗಿ ‘ಉಳಿದಿದ್ದು ಇಎಸ್‌ಐ ಕೊಡುತ್ತೆ’ ಎಂಬ ಮಾತಿಗೆ ತಲೆಯೂ ಇಲ್ಲ, ಬುಡವೂ ಇಲ್ಲ. ಈ ಮಾತನ್ನು ಪೀಣ್ಯದಿಂದ ಬೊಮ್ಮಸಂದ್ರದವರೆಗೆ ಎಷ್ಟೋ ಎಚ್‌ಆರ್‌ಗಳ ಬಾಯಲ್ಲಿ ಕೇಳಿದ್ದೇನೆ. ಕೆಲವರು ಗೊತ್ತಿಲ್ಲದೆ ಹೇಳುತ್ತಾರೆ, ಕೆಲವರು ಗೊತ್ತಿದ್ದೇ.

ಮೊದಲು ನಿಮ್ಮ 585 ಎಲ್ಲಿಂದ ಬಂತು ಎಂದು ನೋಡಿಬಿಡೋಣ, ಮುಂದಿನ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ. ಜುಲೈಯಿಂದ ಡಿಸೆಂಬರ್ ನಡುವೆ ಏಟಾದರೆ ಅದರ ಹಿಂದಿನ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಆರು ತಿಂಗಳ ವೇತನ ಹಿಡಿಯುತ್ತಾರೆ. ನಿಮ್ಮ ವಿಷಯದಲ್ಲಿ 2024ರ ಅಕ್ಟೋಬರ್‌ನಿಂದ 2025ರ ಮಾರ್ಚ್. ಅಷ್ಟೂ ದಿನ, ಅಂದರೆ 182 ದಿನಕ್ಕೆ, ಓಟಿ ಸೇರಿ 1,18,300 ರೂಪಾಯಿ ತೋರಿಸಿದ್ದರೆ ದಿನಕ್ಕೆ 650, ಅದರ ಶೇಕಡ 90 ಅಂದರೆ 585. ನಿಮಗೆ ಬಂದಿರುವುದೂ ಇಷ್ಟೇ, ಹಾಗಾಗಿ ಕಂಪನಿ ಓಟಿಯನ್ನು ಮುಚ್ಚಿಟ್ಟಿಲ್ಲ ಎಂದುಕೊಳ್ಳುತ್ತೇನೆ. ಇದನ್ನು ಯಾಕೆ ಹೇಳಿದೆ ಎಂದರೆ, ತಿಂಗಳ ಸಂಬಳ 21,000 ದಾಟುತ್ತದೋ ಇಲ್ಲವೋ ಎಂದು ನೋಡುವಾಗ ಓಟಿ ಲೆಕ್ಕಕ್ಕಿಲ್ಲ, ಆದರೆ ವಂತಿಗೆ ಕಟ್ಟುವಾಗ ಓಟಿಗೂ ಕಟ್ಟಬೇಕು. ಕಟ್ಟದ ಕಂಪನಿಗಳು ಬೇಕಾದಷ್ಟಿವೆ. ಅಲ್ಲಿನ ಕಾರ್ಮಿಕನಿಗೆ ಅದು ಗೊತ್ತಾಗುವುದು ಕೈ ಹೋದ ಮೇಲೆ, ಬ್ಯಾಂಕಿಗೆ ಬಿದ್ದ ದುಡ್ಡು ಎಣಿಸುವಾಗ.

ಇನ್ನು ಅಸಲು ವಿಷಯ. ಸೆಪ್ಟೆಂಬರ್ ಕೊನೆಯಲ್ಲಿ ಡಿಸ್ಪೆನ್ಸರಿಗೆ ಹೋದಾಗ ನೀವು ‘ಲೈಟ್ ಡ್ಯೂಟಿ ಕೊಡ್ತಾರಂತೆ’ ಎಂದಿರಿ. ಡಾಕ್ಟರ್ ಬಹುಶಃ ‘ಏನಾದರೂ ಕೆಲಸ ಮಾಡೋಕಾಗುತ್ತಾ?’ ಎಂದು ಕೇಳಿರುತ್ತಾರೆ. ನೀವು ಆಗುತ್ತೆ ಎಂದಿರುತ್ತೀರಿ. ಅವರು ಫೈನಲ್ ಸರ್ಟಿಫಿಕೇಟ್, ಅಂದರೆ ಇನ್ನು ಕೆಲಸಕ್ಕೆ ಫಿಟ್ ಎಂಬ ಚೀಟಿ, ಬರೆದರು. ಅಲ್ಲಿಗೆ ಟಿಡಿಬಿ ಮುಗಿಯಿತು.

ಆದರೆ ಕಾನೂನು ಕೇಳುವ ಪ್ರಶ್ನೆ ಅದಲ್ಲ. ತಾತ್ಕಾಲಿಕ ಅಂಗವೈಕಲ್ಯ ಎಂದರೆ, ಗಾಯಕ್ಕೆ ಚಿಕಿತ್ಸೆ ಬೇಕಾಗಿದ್ದು, ಆ ಗಾಯದಿಂದಾಗಿ ಕಾರ್ಮಿಕ ತಾನು ಅಪಘಾತದ ಹೊತ್ತಿನಲ್ಲಿ ಅಥವಾ ಅದಕ್ಕೆ ಮುಂಚೆ ಮಾಡುತ್ತಿದ್ದ ಕೆಲಸವನ್ನು ಸದ್ಯಕ್ಕೆ ಮಾಡಲಾಗದ ಸ್ಥಿತಿ. ಕಾಯ್ದೆಯ 2ನೇ ಕಲಮಿನಲ್ಲೇ ಹೀಗೆ ಬರೆದಿದೆ. ನಿಮ್ಮ ವಿಷಯಕ್ಕೆ ತಂದರೆ ಪ್ರಶ್ನೆ ಒಂದೇ: ಪ್ರೆಸ್ ನಡೆಸಲು ಆಗುತ್ತದಾ? ಗೇಟಿನಲ್ಲಿ ಕೂರಲು ಆಗುತ್ತದೆ ಎಂಬುದು ಇದಕ್ಕೆ ಉತ್ತರವಲ್ಲ. ಲೈಟ್ ಡ್ಯೂಟಿಗೆ ಲಾಯಕ್ಕಿರುವ ಮನುಷ್ಯನಿಗೂ, ಆತ ತನ್ನ ಮೂಲ ಕೆಲಸಕ್ಕೆ ಇನ್ನೂ ಲಾಯಕ್ಕಿಲ್ಲ, ಚಿಕಿತ್ಸೆ ನಡೆಯುತ್ತಿದೆ ಎಂದಾದರೆ ಟಿಡಿಬಿ ಸಲ್ಲುತ್ತದೆ. ಟಿಡಿಬಿಯನ್ನು ನಿಲ್ಲಿಸುವುದು ನಿಜಕ್ಕೂ ಕೆಲಸಕ್ಕೆ ಹೋಗುವುದು ಅಥವಾ ಡಾಕ್ಟರ ಫೈನಲ್ ಸರ್ಟಿಫಿಕೇಟು. ‘ಲೈಟ್ ಡ್ಯೂಟಿ ಕೊಡುತ್ತೇವೆ, ಬನ್ನಿ’ ಎಂಬ ಕಂಪನಿಯ ಫೋನ್ ಕರೆಗೆ ಆ ಶಕ್ತಿ ಇಲ್ಲ.

ಡಾಕ್ಟರನ್ನು ಬೈದು ಪ್ರಯೋಜನವಿಲ್ಲ. ಬೆಳಗಿನ ಹೊತ್ತು ಡಿಸ್ಪೆನ್ಸರಿ ಕ್ಯೂ ನೋಡಿದವರಿಗೆ ಗೊತ್ತು, ಒಬ್ಬೊಬ್ಬರಿಗೆ ಸಿಗುವ ಸಮಯ ಎಷ್ಟು ಎಂದು. ಅಷ್ಟರಲ್ಲಿ ಅವರು ಬೆರಳು ನೋಡುತ್ತಾರೆ, ಗಾಯ ಒಣಗಿದೆಯಾ, ಕೀವು ಇದೆಯಾ ನೋಡುತ್ತಾರೆ. ಪ್ರೆಸ್ ಶಾಪ್ ಒಳಗೆ ಕಾಲಿಟ್ಟಿರದ ಡಾಕ್ಟರಿಗೆ ಆ ಕೈ ಅಲ್ಲಿ ಏನು ಮಾಡಬೇಕು ಎಂದು ಹೇಗೆ ಗೊತ್ತಾಗಬೇಕು? ನೀವೇ ತೋರಿಸಬೇಕು. ನನ್ನ ಬಳಿ ಬರುವ ಪ್ರೆಸ್ ಆಪರೇಟರ್‌ಗಳಿಗೆ ನಾನು ಹೇಳುವುದು, ಶಾಪಿನಿಂದ ಒಂದು ಖಾಲಿ ಬ್ಲ್ಯಾಂಕ್ ತುಂಡು ಕೇಳಿ ತೆಗೆದುಕೊಂಡು ಹೋಗಿ. ಎಣ್ಣೆ ಸವರಿದ ತಗಡಿನ ಆ ಬಿಲ್ಲೆಯನ್ನು ಟೇಬಲ್ ಮೇಲಿಟ್ಟು, ಹೆಬ್ಬೆರಳು ತೋರುಬೆರಳಲ್ಲಿ ಅದರ ಅಂಚು ಹಿಡಿದು ಎತ್ತಲು ನೋಡಿ. ತುದಿಯ ಗೆಣ್ಣಿಲ್ಲದ ಬೆರಳಲ್ಲಿ ಅದು ಜಾರುತ್ತದೆ. ಮಧ್ಯದ ಬೆರಳಿನಿಂದ ಹಿಡಿಯಲು ಹೋದರೆ ಅದು ಮಡಚುವುದಿಲ್ಲ. ಎರಡನೇ ಸಲ, ಮೂರನೇ ಸಲ ಎತ್ತುವಾಗ ಮಣಿಕಟ್ಟು ಸೊಟ್ಟಗೆ ತಿರುಗುವುದು ನೋಡುವವರಿಗೂ ಕಾಣುತ್ತದೆ. ಒಂದು ಶಿಫ್ಟಿನಲ್ಲಿ ಇದನ್ನೇ ಸಾವಿರಾರು ಸಲ ಮಾಡಬೇಕು, ಪ್ರತಿ ಸಲವೂ ಬಿಲ್ಲೆಯನ್ನು ಡೈ ಮೇಲೆ ಅಳತೆಗೆ ಸರಿಯಾಗಿ ಕೂರಿಸಿ ಕೈ ಹಿಂದೆಗೆಯಬೇಕು. ತಡವಾದರೆ ಉಳಿದ ಬೆರಳೂ ಹೋಗುತ್ತದೆ. ಇಷ್ಟನ್ನು ಒಂದು ನಿಮಿಷದಲ್ಲಿ ತೋರಿಸಬಹುದು. ‘ನೋವಿದೆ ಸಾರ್’ ಎಂದು ಹತ್ತು ಸಲ ಹೇಳಿದರೂ ಅಷ್ಟು ಪರಿಣಾಮವಿಲ್ಲ.

ಈಗ ನಿಮ್ಮ ಮಾವನವರ ಮಾತು. ಅವರು ಹೇಳಿದ್ದು ಸುಳ್ಳಲ್ಲ, ಆದರೆ ಅದು ಅವರ ಕಡೆಯ ಕಾನೂನು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 20ನೇ ಕಲಂ ಪ್ರಕಾರ, ಸರ್ವಿಸಿನಲ್ಲಿರುವಾಗ ಅಂಗವೈಕಲ್ಯ ಬಂದವರನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆಯಲ್ಲಿ ಕೆಳಗಿಳಿಸುವಂತಿಲ್ಲ. ಆ ಹುದ್ದೆಗೆ ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು, ಅದೂ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆಯಲ್ಲಿಟ್ಟುಕೊಳ್ಳಬೇಕು. ಸಾರಿಗೆ ನಿಗಮಗಳು ಇದರೊಳಗೆ ಬರುತ್ತವೆ. ಬಸ್ ಓಡಿಸಲಾಗದ ಡ್ರೈವರ್ ಡಿಪೋದಲ್ಲಿ ಕೂತು ಅದೇ ಸಂಬಳ ಪಡೆಯುವುದು ಈ ಬಲದ ಮೇಲೆ. ನಿಮ್ಮದು ಖಾಸಗಿ ಕಾರ್ಖಾನೆ, ಈ ಕಲಂ ನಿಮಗೆ ಅನ್ವಯಿಸುವುದಿಲ್ಲ. ಖಾಸಗಿಯವರು ಲೈಟ್ ಡ್ಯೂಟಿ ಕೊಡಲೇಬೇಕು ಎಂದೂ ಇಎಸ್‌ಐ ಕಾಯ್ದೆ ಹೇಳುವುದಿಲ್ಲ, ಕೊಟ್ಟರೆ ಇಷ್ಟೇ ಸಂಬಳ ಎಂದೂ ಹೇಳುವುದಿಲ್ಲ.

ಹಾಗೆಂದು 17,000ವನ್ನು ಏಕಾಏಕಿ 12,000 ಮಾಡಬಹುದು ಎಂದೂ ಅಲ್ಲ. ನೀವು ಕೆಲಸಕ್ಕೆ ಮರಳಿದಾಗ ಜಾರಿಯಲ್ಲಿದ್ದ ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಂ ಪ್ರಕಾರ, ಕಾರ್ಮಿಕನ ವೇತನಕ್ಕೆ ಪೆಟ್ಟು ಬೀಳುವ ಬದಲಾವಣೆಗೆ ಮೊದಲೇ ನೋಟಿಸ್ ಕೊಟ್ಟು 21 ದಿನ ಕಾಯಬೇಕು. ನಿಮಗೆ ಕೊಟ್ಟಿದ್ದು ಒಂದು ಫೋನ್ ಕರೆ. ನೀವು ಹೊಸ ನೇಮಕಾತಿಗೆ ಸಹಿ ಹಾಕಿಲ್ಲ ತಾನೆ? ಹಾಕಿಲ್ಲದಿದ್ದರೆ ದಾಖಲೆಯಲ್ಲಿ ನೀವು ಇವತ್ತಿಗೂ ಪ್ರೆಸ್ ಆಪರೇಟರೇ, ಸಂಬಳ ಕಡಿತಕ್ಕೆ ಆಧಾರವಿಲ್ಲ ಎಂಬ ವಾದಕ್ಕೆ ಒಳ್ಳೆಯ ಬಲವಿದೆ. ಅಕ್ಟೋಬರ್‌ನಿಂದ ಕಳೆದುಹೋದ ತಿಂಗಳಿಗೆ 5,000 ಕೇಳಬೇಕಾದ್ದು ಇಎಸ್‌ಐ ಬಳಿ ಅಲ್ಲ, ಕಂಪನಿ ಬಳಿ. ಕೊಡದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಿದರೆ ನಿಮ್ಮ ವಲಯದ ಕಾರ್ಮಿಕ ಅಧಿಕಾರಿ ಯಾರೆಂದು ಹೇಳುತ್ತಾರೆ. ಯೂನಿಯನ್ ಇದ್ದರೆ ಅವರ ಮೂಲಕ ಹೋಗಿ, ಬೇಗ ಆಗುತ್ತದೆ.

ಈ ನಡುವೆ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ಇಎಸ್‌ಐ ಕಾಯ್ದೆಯೂ 1923ರ ಪರಿಹಾರ ಕಾಯ್ದೆಯೂ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ನಿಮ್ಮ ಅಪಘಾತವೂ ಸಂಬಳ ಕಡಿತವೂ ಅದಕ್ಕಿಂತ ಮುಂಚಿನವು, ಆದ್ದರಿಂದ ಇಲ್ಲಿ ಹಳೇ ಕಲಂಗಳನ್ನೇ ಹಿಡಿದಿದ್ದೇನೆ.

ಲೈಟ್ ಡ್ಯೂಟಿ ಬೇಡ ಎಂದರೆ ಕೆಲಸ ಹೋಗುತ್ತದಾ? ಉತ್ತರ ನಿಮ್ಮ ಕೈಯಲ್ಲಿರುವ ಸರ್ಟಿಫಿಕೇಟಿನ ಮೇಲೆ ನಿಂತಿದೆ. ಟಿಡಿಬಿ ಪಡೆಯುತ್ತಿರುವವನನ್ನು ಕೆಲಸದಿಂದ ತೆಗೆಯುವಂತಿಲ್ಲ, ಶಿಕ್ಷಿಸುವಂತಿಲ್ಲ, ಅಂಥ ನೋಟಿಸ್ ಕೊಟ್ಟರೂ ಅದು ಊರ್ಜಿತವಲ್ಲ. ಇದು ಇಎಸ್‌ಐ ಕಾಯ್ದೆಯ 73ನೇ ಕಲಂ. ಇದಕ್ಕೊಂದು ಗಡಿ ಇದೆ, ಅದನ್ನು ಯಾರೂ ಹೇಳುವುದಿಲ್ಲ: ಸತತ ಆರು ತಿಂಗಳು ಟಿಡಿಬಿ ಪಡೆದಾದ ಮೇಲೆ, ಸೇವಾ ನಿಯಮಗಳಲ್ಲಿ ಅವಕಾಶವಿದ್ದರೆ, ಕ್ರಮವಾಗಿ ನೋಟಿಸ್ ಕೊಟ್ಟು ಬಿಡುಗಡೆ ಮಾಡಲು ಮಾಲೀಕನಿಗೆ ದಾರಿ ಇದೆ. ಆ ರಜೆಯ ದಿನಗಳು ಬೋನಸ್ ಲೆಕ್ಕದಲ್ಲಿ ಕೆಲಸ ಮಾಡಿದ ದಿನಗಳೇ, ಗ್ರಾಚ್ಯುಟಿಗೂ ಸರ್ವಿಸ್ ಕಡಿಯುವುದಿಲ್ಲ. ಆದರೆ ಫೈನಲ್ ಸರ್ಟಿಫಿಕೇಟ್ ಆದ ಮೇಲೆ, ಹೊಸ ಸರ್ಟಿಫಿಕೇಟ್ ಇಲ್ಲದೆ ‘ಲೈಟ್ ಡ್ಯೂಟಿ ಬೇಡ’ ಎಂದು ಮನೆಯಲ್ಲಿ ಕೂತರೆ ಅದು ಬರೀ ಗೈರುಹಾಜರಿ. ಅತ್ತ ಟಿಡಿಬಿಯೂ ಇಲ್ಲ, ಇತ್ತ ರಕ್ಷಣೆಯೂ ಇಲ್ಲ. ಸಿಟ್ಟಿನಲ್ಲಿ ಹೀಗೆ ಮಾಡಿ ಎರಡೂ ಕಳೆದುಕೊಂಡವರು ನನ್ನ ಫೈಲುಗಳಲ್ಲಿದ್ದಾರೆ. ನೀವು ಹಾಗೆ ಮಾಡಬೇಡಿ.

ಹಾಗಾದರೆ ಈಗ ಏನು ಮಾಡಬಹುದು? ಒಂದು ದಾರಿ, ಮತ್ತೆ ಡಿಸ್ಪೆನ್ಸರಿಗೆ ಹೋಗುವುದು. ಮಧ್ಯದ ಬೆರಳು ಮಡಚುವುದಿಲ್ಲ ಎಂದು ಬರೆದಿದ್ದೀರಿ. ತಂತಿ ತೆಗೆದ ಮೇಲೆ ಗೆಣ್ಣು ಬಿಗಿದುಕೊಳ್ಳುವುದು, ಮೂಳೆ ಮುರಿದ ಜಾಗದಲ್ಲಿ ಸ್ನಾಯುರಜ್ಜು (ಟೆಂಡನ್) ಅಂಟಿಕೊಳ್ಳುವುದು ಇಂಥ ಗಾಯಗಳಲ್ಲಿ ಸಾಮಾನ್ಯ, ಅದಕ್ಕೆ ಫಿಸಿಯೋಥೆರಪಿ ಬೇಕು, ಕೆಲವೊಮ್ಮೆ ಮತ್ತೊಂದು ಆಪರೇಷನ್. ಚಿಕಿತ್ಸೆ ಇನ್ನೂ ಬಾಕಿ ಇದೆ, ಅದೂ ಅದೇ ಗಾಯಕ್ಕೆ ಎಂದು ಡಾಕ್ಟರ್ ದಾಖಲಿಸಿ ಹೊಸ ಸರ್ಟಿಫಿಕೇಟ್ ಕೊಟ್ಟರೆ ಟಿಡಿಬಿ ಮತ್ತೆ ಶುರುವಾಗುತ್ತದೆ. ‘ಅದೇ ಗಾಯಕ್ಕೆ’ ಎಂಬುದು ಬರಹದಲ್ಲಿರಲೇಬೇಕು. ಇಲ್ಲದಿದ್ದರೆ ಅದನ್ನು ಸಾಮಾನ್ಯ ಕಾಯಿಲೆ ಎಂದು ಹಿಡಿಯುತ್ತಾರೆ, ಆಗ ಶೇಕಡ 90ರ ಬದಲು 70, ಅದೂ ವರ್ಷಕ್ಕೆ 91 ದಿನದ ಮಿತಿಯೊಳಗೆ. ಡಿಸ್ಪೆನ್ಸರಿಯಲ್ಲಿ ಒಪ್ಪದಿದ್ದರೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ರೆಫರ್ ಮಾಡಿ ಎಂದು ಕೇಳಿ, ತಜ್ಞರ ಅಭಿಪ್ರಾಯ ಬಂದ ಮೇಲೆ ಮಾತಿನ ತೂಕವೇ ಬೇರೆ. ಇದರ ಅಪಾಯ ಏನೆಂದರೆ, ಮೇಲೆ ಹೇಳಿದ ಆರು ತಿಂಗಳ ಗಡಿಯ ಮೇಲೆ ಒಂದು ಕಣ್ಣಿಟ್ಟಿರಬೇಕು. ಕಂಪನಿಯವರ ಮುಖವೂ ಗಂಟಾಗುತ್ತದೆ.

ಇನ್ನೊಂದು ದಾರಿ, ಲೈಟ್ ಡ್ಯೂಟಿಯಲ್ಲೇ ಮುಂದುವರಿಯುವುದು, ಆದರೆ ಕಾಗದದ ಮೇಲೆ. ಎಚ್‌ಆರ್‌ಗೆ ಒಂದು ಪುಟದ ಪತ್ರ ಕೊಟ್ಟು ನಕಲಿಗೆ ಸೀಲು ಹಾಕಿಸಿಕೊಳ್ಳಿ, ಇಲ್ಲವೇ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿ. ‘ಗಾಯದ ಕಾರಣ ತಾತ್ಕಾಲಿಕವಾಗಿ ಗೇಟ್ ಕೆಲಸ ಮಾಡುತ್ತಿದ್ದೇನೆ, ನನ್ನ ಹುದ್ದೆ ಪ್ರೆಸ್ ಆಪರೇಟರ್, ಸಂಬಳ ಕಡಿತಕ್ಕೆ ನನ್ನ ಒಪ್ಪಿಗೆ ಇಲ್ಲ, ವ್ಯತ್ಯಾಸದ ಹಕ್ಕು ಕಾಯ್ದಿರಿಸಿ ಕೆಲಸ ಮಾಡುತ್ತಿದ್ದೇನೆ’ ಇಷ್ಟು ಸಾಕು. ಕೋರ್ಟು ಕಚೇರಿಯ ಭಾಷೆ ಬೇಡ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಕಂಪನಿಗಳು ಇಂಥ ಪತ್ರ ಕೈಗೆ ಬಂದ ಕೂಡಲೇ ಮೂಲ ಸಂಬಳಕ್ಕೆ ಬಂದುಬಿಡುತ್ತವೆ. ಅವರಿಗೂ ಲೆಕ್ಕ ಗೊತ್ತು, ತಿಂಗಳಿಗೆ ಐದು ಸಾವಿರಕ್ಕೆ ಲೇಬರ್ ಆಫೀಸ್ ಅಲೆಯುವುದು ಯಾರಿಗೆ ಬೇಕು? ಸುಮ್ಮನೆ 12,000 ತೆಗೆದುಕೊಂಡು ಆರು ತಿಂಗಳು ಕಳೆದರೆ ಅದೇ ನಿಮ್ಮ ಸಂಬಳ ಎಂದಾಗುತ್ತದೆ. ಅಷ್ಟೇ ಅಲ್ಲ, ವಂತಿಗೆಯೂ ಆ 12,000ದ ಮೇಲೆಯೇ ಕಟ್ಟುವುದರಿಂದ, ಮುಂದಿನ ವರ್ಷ ಡೆಂಗಿ ಬಂದು ಮಲಗಿದರೂ ಕಾಯಿಲೆ ಭತ್ಯೆ ಅದರ ಲೆಕ್ಕದಲ್ಲೇ.

ಮೂರನೆಯದೊಂದು ದಾರಿಯನ್ನು ನಿಮಗೆ ಯಾರಾದರೂ ಹೇಳೇ ಹೇಳುತ್ತಾರೆ: ‘ಸರ್ಟಿಫಿಕೇಟ್ ಎಕ್ಸ್‌ಟೆಂಡ್ ಮಾಡಿಸ್ಕೊಳ್ಳಿ, ಬಯೋಮೆಟ್ರಿಕ್ ಹಾಕಬೇಡಿ, ಸುಮ್ನೆ ಬಂದು ಕೂತ್ಕೊಳ್ಳಿ. ಇಎಸ್‌ಐ ದುಡ್ಡೂ ಬರುತ್ತೆ, ನಾವೂ ಕೈಗೆ ಏನಾದ್ರೂ ಕೊಡ್ತೀವಿ.’ ಕೇಳಲು ಇಬ್ಬರಿಗೂ ಲಾಭದಂತಿದೆ. ಸಿಕ್ಕಿಬಿದ್ದರೆ ಸಿಗುವುದು ನೀವು, ಅವರಲ್ಲ. ಸುಳ್ಳು ಹೇಳಿ ಭತ್ಯೆ ಪಡೆಯುವುದು ಕಾಯ್ದೆಯಡಿ ಅಪರಾಧ, ಪಡೆದ ದುಡ್ಡನ್ನೂ ವಸೂಲಿ ಮಾಡುತ್ತಾರೆ. ಗೇಟಿನ ಸಿಸಿಟಿವಿಯಲ್ಲಿ ದಿನವೂ ನೀವೇ ಇರುತ್ತೀರಿ. ಅದಕ್ಕಿಂತ ದೊಡ್ಡ ಗಂಡಾಂತರ, ಹಾಜರಿ ಇಲ್ಲದ ಆ ದಿನ ಮತ್ತೊಂದು ಅಪಘಾತವಾದರೆ ನೀವು ಕೆಲಸದಲ್ಲಿದ್ದಿರಿ ಎನ್ನಲು ಒಂದು ಚೀಟಿಯೂ ಇರುವುದಿಲ್ಲ. ಹೇಳುವವರು ಎಷ್ಟೇ ಒಳ್ಳೆಯವರಾಗಿರಲಿ, ಬೇಡ. ಟಿಡಿಬಿಯಲ್ಲಿರುವಾಗ ಪಾಲಿಸಬೇಕಾದ ಇನ್ನೆರಡು ಕಟ್ಟುಪಾಡುಗಳಿವೆ: ಗಾಯ ವಾಸಿಯಾಗಲು ಅಡ್ಡಿಯಾಗುವ ಕೆಲಸ ಮಾಡಬಾರದು, ಚಿಕಿತ್ಸೆ ನಡೆಯುವ ಪ್ರದೇಶ ಬಿಟ್ಟು ಹೋಗುವಾಗ ಡಾಕ್ಟರ ಅನುಮತಿ ಬೇಕು. ಹಬ್ಬಕ್ಕೆ ಊರಿಗೆ ಹೋಗಿ ಹೊಲದಲ್ಲಿ ಕೈಯಾಡಿಸಿದ ಫೋಟೋ ವಾಟ್ಸಾಪ್ ಸ್ಟೇಟಸ್‌ಗೆ ಹಾಕುವವರಿಗೆ ಎರಡೂ ಅನ್ವಯಿಸುತ್ತವೆ.

ಯಾವುದು ಒಳ್ಳೆಯದು ಎಂದು ಕೇಳಿದರೆ, ನಿಮ್ಮ ಜಾಗದಲ್ಲಿ ನಾನು ಮೊದಲು ತಜ್ಞರಿಗೆ ಬೆರಳು ತೋರಿಸುತ್ತಿದ್ದೆ. ಮಡಚದ ಬೆರಳಿಗೆ ಚಿಕಿತ್ಸೆ ತಡವಾದಷ್ಟೂ ಅದು ಹಾಗೇ ಉಳಿಯುವ ಸಂಭವ ಹೆಚ್ಚು. ತಿಂಗಳಿಗೆ ಐದು ಸಾವಿರದ ಜಗಳ ಆಮೇಲೂ ಮಾಡಬಹುದು. ಎಚ್‌ಆರ್‌ಗೆ ಪತ್ರವನ್ನಂತೂ ನಾಳೆಯೇ ಕೊಡಿ, ಅದು ಎರಡೂ ದಾರಿಗೆ ಬೇಕಾಗುತ್ತದೆ.

ಪೆನ್ಷನ್ ಎಂದು ನೀವು ಕರೆದದ್ದು ಪಿಡಿಬಿ, ಶಾಶ್ವತ ಅಂಗವೈಕಲ್ಯದ ಭತ್ಯೆ. ಇದರ ಬಗ್ಗೆ ನಿಶ್ಚಿಂತೆಯಿಂದಿರಿ. ಲೈಟ್ ಡ್ಯೂಟಿ ಒಪ್ಪಿದರೂ ಇದು ಕಡಿಮೆಯಾಗುವುದಿಲ್ಲ, ಪೂರ್ತಿ ಸಂಬಳಕ್ಕೆ ಕೆಲಸ ಮಾಡುತ್ತಿದ್ದರೂ ನಿಲ್ಲುವುದಿಲ್ಲ. ಸಂಬಳದ ಜೊತೆಗೇ, ಜೀವನಪೂರ್ತಿ ಬರುತ್ತದೆ. ಟಿಡಿಬಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ತೋರುಬೆರಳಿನ ಒಂದು ಗೆಣ್ಣು ಹೋದರೆ ಕಾಯ್ದೆಯ ಪಟ್ಟಿಯಲ್ಲೇ ಶೇಕಡ 9 ಎಂದು ನಿಗದಿಯಾಗಿದೆ. ಇಡೀ ತೋರುಬೆರಳಾದರೆ 14. ನಿಮ್ಮ 585ರ ಶೇಕಡ 9 ಎಂದರೆ ದಿನಕ್ಕೆ 52 ರೂಪಾಯಿ 65 ಪೈಸೆ, ತಿಂಗಳಿಗೆ ಹೆಚ್ಚುಕಡಿಮೆ 1,580. ಮಧ್ಯದ ಬೆರಳಿನ ಬಿಗಿತ ಪಟ್ಟಿಯಲ್ಲಿಲ್ಲ, ಅದನ್ನು ಮೆಡಿಕಲ್ ಬೋರ್ಡ್ ಅಳೆದು ಕೂಡಿಸಬೇಕು. ಎಷ್ಟೋ ಜನರ ವಿಷಯದಲ್ಲಿ ಇದೇ ಬಿಟ್ಟುಹೋಗುತ್ತದೆ: ಬೋರ್ಡಿನ ಕಣ್ಣಿಗೆ ಕತ್ತರಿಸಿದ ಬೆರಳು ಕಾಣುತ್ತದೆ, ಮಡಚದ ಬೆರಳು ಕಾಣುವುದಿಲ್ಲ. ನೀವೇ ಬಾಯಿಬಿಟ್ಟು ಹೇಳಿ, ಎಕ್ಸ್‌ರೇ ಮತ್ತು ಫಿಸಿಯೋಥೆರಪಿ ಚೀಟಿ ಜೊತೆಗಿಡಿ, ನಿಮ್ಮ ಕೆಲಸ ಏನೆಂದು ವಿವರಿಸಿ. ಎಡಗೈ ಮೊಣಕೈ ಮೇಲಿನಿಂದ ಹೋದ ಒಬ್ಬ ಬಡಗಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸುಮಾರು 50 ವರ್ಷಗಳ ಹಿಂದೆಯೇ, ಒಂದೇ ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ, ಆದ್ದರಿಂದ ನಷ್ಟ ಪೂರ್ತಿ ಎಂದು ಎತ್ತಿಹಿಡಿದಿತ್ತು. ಪ್ರತಾಪ್ ನಾರಾಯಣ ಸಿಂಗ್ ದೇವ್ ಪ್ರಕರಣ ಎಂದೇ ವಕೀಲರು ಅದನ್ನು ಉಲ್ಲೇಖಿಸುವುದು. ಅದು ಬೇರೆ ಕಾಯ್ದೆಯಡಿ ಬಂದ ತೀರ್ಪು, ನಿಮ್ಮ ಗಾಯವೂ ಅಷ್ಟು ದೊಡ್ಡದಲ್ಲ, ಆದರೆ ಗಾಯವನ್ನು ಕೆಲಸದ ಪಕ್ಕದಲ್ಲಿಟ್ಟು ನೋಡಬೇಕು ಎನ್ನಲು ಒಳ್ಳೆಯ ಆಧಾರ. ಬೋರ್ಡ್ ಕೊಟ್ಟ ಶೇಕಡಾವಾರು ಒಪ್ಪಿಗೆಯಾಗದಿದ್ದರೆ ವೈದ್ಯಕೀಯ ಮೇಲ್ಮನವಿ ನ್ಯಾಯಮಂಡಳಿಗೆ ಅಥವಾ ನೇರವಾಗಿ ಇಎಸ್‌ಐ ಕೋರ್ಟಿಗೆ ಹೋಗಬಹುದು. ಬೋರ್ಡಿಗೆ ಕಳಿಸಿ ಎಂದು ಬ್ರಾಂಚ್ ಆಫೀಸಿಗೆ ಅರ್ಜಿ ಕೊಡುವುದನ್ನು ಮಾತ್ರ ಮುಂದೂಡಬೇಡಿ. ಅಪಘಾತದ ವರದಿ, ಅಂದರೆ ಫಾರಂ 12, ಕಂಪನಿ ಆಗಲೇ ಕಳಿಸಿದೆ ಎಂದು ತೋರುತ್ತದೆ, ಇಲ್ಲದಿದ್ದರೆ ನಿಮಗೆ ಶೇಕಡ 90 ಬರುತ್ತಿರಲಿಲ್ಲ. ಅದರ ಪ್ರತಿ ಇಸಿದುಕೊಳ್ಳಿ.

‘ಪ್ರೆಸ್ಸಿನ ಸೇಫ್ಟಿ ಗಾರ್ಡ್ ತೆಗೆದಿದ್ದು ನೀನೇ, ತಪ್ಪು ನಿಂದೇ, ಏನೂ ಸಿಗಲ್ಲ’ ಎಂದು ಯಾರಾದರೂ ಹೆದರಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ. ನಿಯಮ ಮೀರಿದ್ದರೂ ಮಾಲೀಕರ ಕೆಲಸಕ್ಕಾಗಿಯೇ ಮಾಡುತ್ತಿದ್ದಾಗ ಆದ ಗಾಯವನ್ನು ಇಎಸ್‌ಐ ಉದ್ಯೋಗದ ಗಾಯವೆಂದೇ ಹಿಡಿಯುತ್ತದೆ. ಟಾರ್ಗೆಟ್ ಹೆಚ್ಚಿಸಿ ಗಾರ್ಡ್ ತೆಗೆಸುವವರು ಯಾರೆಂದು ಪ್ರೆಸ್ ಶಾಪಿನಲ್ಲಿ ಎಲ್ಲರಿಗೂ ಗೊತ್ತು.

ಭಾಮೈದನ ವಿಷಯಕ್ಕೆ ಬರೋಣ. ಹತ್ತು ಜನಕ್ಕಿಂತ ಕಡಿಮೆ ಇರುವ ಶಾಪು, ಇಎಸ್‌ಐ ಇಲ್ಲ. ಹಾಗಾಗಿ ಅವನಿಗೆ 1923ರ ನೌಕರರ ಪರಿಹಾರ ಕಾಯ್ದೆ, ದುಡ್ಡು ಕೊಡಬೇಕಾದವನು ನೇರವಾಗಿ ಮಾಲೀಕ. (ಏಟಾದದ್ದು ನವೆಂಬರ್ 21ರ ನಂತರವಾದರೆ ಹೊಸ ಸಂಹಿತೆ, ತಾತ್ಕಾಲಿಕ ಗಾಯದ ಲೆಕ್ಕದ ಸೂತ್ರ ಅಲ್ಲೂ ಇದೇ.) ಸ್ವಾರಸ್ಯವೆಂದರೆ, ಲೈಟ್ ಡ್ಯೂಟಿ ಲೆಕ್ಕ ಇಲ್ಲಿ ನಿಮ್ಮದಕ್ಕೆ ಪೂರ್ತಿ ಉಲ್ಟಾ. ಮೂರು ದಿನಕ್ಕಿಂತ ಹೆಚ್ಚು ಕೆಲಸಕ್ಕೆ ಆಗದಂಥ ಗಾಯವಾದರೆ ಹದಿನೈದು ದಿನಕ್ಕೊಮ್ಮೆ ತಿಂಗಳ ಸಂಬಳದ ಶೇಕಡ 25 ಕೊಡಬೇಕು, ಅಂದರೆ ಮನೆಯಲ್ಲಿ ಕೂತರೆ ಸಿಗುವುದು ಅರ್ಧ ಸಂಬಳ ಮಾತ್ರ. ಲೆಕ್ಕಕ್ಕೆ ಹಿಡಿಯುವ ಸಂಬಳಕ್ಕೂ 15,000ದ ಮಿತಿ ಇದೆ. ಆದರೆ ಕಡಿಮೆ ಸಂಬಳದ ಹಗುರ ಕೆಲಸಕ್ಕೆ ಹೋದರೆ ಭತ್ಯೆ ನಿಲ್ಲುವುದಿಲ್ಲ. ಹಳೇ ಸಂಬಳಕ್ಕೂ ಈಗಿನ ಸಂಬಳಕ್ಕೂ ಇರುವ ವ್ಯತ್ಯಾಸವನ್ನು ಅದು ತುಂಬುತ್ತದೆ, ಆ ಶೇಕಡ 25ರ ಮಿತಿಯವರೆಗೆ.

ಅವನ ಸಂಬಳ 14,000 ಎಂದಿಟ್ಟುಕೊಳ್ಳಿ. ಮನೆಯಲ್ಲಿದ್ದರೆ ಹದಿನೈದು ದಿನಕ್ಕೆ 3,500, ತಿಂಗಳಿಗೆ 7,000. ಮಾಲೀಕ 9,000ಕ್ಕೆ ಹಗುರ ಕೆಲಸ ಕೊಟ್ಟ ಎಂದರೆ ಹಳೇ ಸಂಬಳದ ಅರ್ಧ 7,000, ಹೊಸದರ ಅರ್ಧ 4,500, ವ್ಯತ್ಯಾಸ 2,500. ಅಷ್ಟನ್ನು ಪ್ರತಿ ಹದಿನೈದು ದಿನಕ್ಕೆ ಮೇಲಿಂದ ಕೊಡಬೇಕು. ಒಟ್ಟು ತಿಂಗಳಿಗೆ 14,000 ಆಯಿತು. ಬರೀ 5,000ಕ್ಕೆ ಕೆಲಸ ಕೊಟ್ಟರೆ ಮಿತಿ ಅಡ್ಡ ಬಂದು ಮೇಲಿನ ಭತ್ಯೆ 7,000ಕ್ಕೇ ನಿಲ್ಲುತ್ತದೆ, ಒಟ್ಟು 12,000. ಹಾಗಾಗಿ ಕಾಲು ತಡೆದುಕೊಳ್ಳುವುದಾದರೆ, ಡಾಕ್ಟರ್ ಒಪ್ಪುವುದಾದರೆ, ಅವನು ಹಗುರ ಕೆಲಸ ಒಪ್ಪಿಕೊಳ್ಳುವುದೇ ಲೇಸು. ಆದರೆ ಕೂತು ಮಾಡುವ ಕೆಲಸ ಎಂದು ಕರೆಸಿ, ಮೂರನೇ ದಿನಕ್ಕೆ ಕಬ್ಬಿಣದ ಆ್ಯಂಗಲ್ ಹೊರಿಸುವುದು ಸಣ್ಣ ಶಾಪುಗಳಲ್ಲಿ ನಡೆಯುತ್ತದೆ. ಏನು ಕೆಲಸ, ಎಷ್ಟು ಹೊತ್ತು ನಿಲ್ಲಬಹುದು, ಎಷ್ಟು ಭಾರ ಎತ್ತಬಹುದು ಎಂದು ಡಾಕ್ಟರಿಂದಲೇ ಬರೆಸಿಕೊಂಡು ಹೋಗಲಿ.

ಚಿಕಿತ್ಸೆಗೆ ಆದ ನಿಜವಾದ ಖರ್ಚನ್ನೂ ಮಾಲೀಕ ಕೊಡಬೇಕು, ಅದನ್ನು ಪರಿಹಾರದಲ್ಲಿ ಮುರಿದುಕೊಳ್ಳುವಂತಿಲ್ಲ. ‘ಆಸ್ಪತ್ರೆಗೆ ನಲವತ್ತು ಸಾವಿರ ಕಟ್ಟಿದ್ದೀನಲ್ಲ, ಇನ್ನೇನು?’ ಎಂಬ ಮಾತು ಕಾನೂನಿನಲ್ಲಿ ನಿಲ್ಲುವುದಿಲ್ಲ. ‘ಎಲ್ಲ ಇತ್ಯರ್ಥವಾಗಿದೆ, ಮುಂದೆ ಏನೂ ಕೇಳುವುದಿಲ್ಲ’ ಎಂದು ಛಾಪಾ ಕಾಗದದ ಮೇಲೆ ಸಹಿ ಹಾಕಿಸಿಕೊಂಡಿದ್ದರೂ, ಪರಿಹಾರದ ಹಕ್ಕು ಬಿಟ್ಟುಕೊಡುವ ಒಪ್ಪಂದಕ್ಕೆ ಈ ಕಾಯ್ದೆಯಡಿ ಬೆಲೆ ಇಲ್ಲ. ಕೊಡಬೇಕಾದ್ದನ್ನು ಒಂದು ತಿಂಗಳು ಮೀರಿಸಿದರೆ ಶೇಕಡ 12ರ ಬಡ್ಡಿ, ತಡಕ್ಕೆ ಸರಿಯಾದ ಕಾರಣವಿಲ್ಲದಿದ್ದರೆ ಅದರ ಮೇಲೆ ಶೇಕಡ 50ರವರೆಗೆ ದಂಡ. ಕೆಲವು ಸಣ್ಣ ಮಾಲೀಕರ ಬಳಿ ಇದಕ್ಕೆಂದೇ ಇನ್ಶೂರೆನ್ಸ್ ಪಾಲಿಸಿ ಇರುತ್ತದೆ, ಅವರಿಗೇ ಮರೆತಿರುತ್ತದೆ. ಜಗಳಕ್ಕೆ ಮುಂಚೆ ಅದನ್ನು ಕೇಳುವುದು ಒಳ್ಳೆಯದು.

ಪರಿಹಾರದ ಅರ್ಜಿಗೆ ಅಪಘಾತದಿಂದ ಎರಡು ವರ್ಷದ ಗಡುವು. ಅಷ್ಟರಲ್ಲಿ ಬೇಕಾಗುವುದು, ಅವನು ಆ ಶಾಪಿನಲ್ಲಿ ಕೆಲಸ ಮಾಡುತ್ತಿದ್ದ ಎನ್ನಲು ಆಧಾರ. ಸಂಬಳ ಕೈಗೆ ಕೊಡುವ ಜಾಗವಾದರೆ ಇದೇ ಕಷ್ಟದ ಭಾಗ. ಮಾಲೀಕ ಫೋನ್‌ಪೇಯಲ್ಲಿ ಹಾಕಿದ ಅಡ್ವಾನ್ಸ್, ‘ನಾಳೆ ಬೇಗ ಬಾ’ ಎಂದು ಕಳಿಸಿದ ವಾಟ್ಸಾಪ್ ಮೆಸೇಜ್, ಏಟಾದ ದಿನ ಆಸ್ಪತ್ರೆಗೆ ಸೇರಿಸಿದವರ ಹೆಸರಿರುವ ಚೀಟಿ, ಇವನ್ನೆಲ್ಲ ಈಗಲೇ ಬೇರೆ ಫೋನಿಗೆ ಕಾಪಿ ಮಾಡಿಟ್ಟುಕೊಳ್ಳಲು ಹೇಳಿ.